ಸಂಜೆಯೊಳಗೆ ಹೈಬ್ರಿಡ್ ಬ್ಯಾಟರಿ ರೀಕಂಡೀಷನ್ ಅಂದರೆ ನಂಬಬೇಡಿ

ಮನೆ ಬಾಗಿಲಿಗೇ ಬಂದು, ಬೆಳಿಗ್ಗೆ ಬಿಚ್ಚಿ ಸಂಜೆಗೆ ಕಟ್ಟಿಕೊಡುತ್ತೇವೆ ಎನ್ನುವ ಹೈಬ್ರಿಡ್ ಬ್ಯಾಟರಿ ರಿಪೇರಿಯವರು ನಮ್ಮ ದಾವಣಗೆರೆಗೂ ಬಂದಿದ್ದಾರೆ. ಹೈಬ್ರಿಡ್ ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಕರೆಂಟ್ ಮೋಟಾರೂ ಇರುವ ಕಾರು. ಆ ಮೋಟಾರಿಗೆ ಕರೆಂಟು ಕೊಡುವ ದೊಡ್ಡ ಬ್ಯಾಟರಿ ಹಳತಾದಾಗ ಅದಕ್ಕೆ ಮತ್ತೆ ಜೀವ ತುಂಬುವುದೇ ರೀಕಂಡೀಷನ್. ನಮ್ಮ ದೊಡ್ಡಪ್ಪನ ಮಗ ಅಂಥ ಒಬ್ಬನಿಗೆ 38,000 ರೂಪಾಯಿ ಕೊಟ್ಟರು. ಹೇಗೋ ಓಡುತ್ತಿದ್ದ ಬ್ಯಾಟರಿ ಪೂರ್ತಿ ಗುಜರಿಗೆ ಹೋಯಿತು. ಆತನ ಹೆಸರು ಹೇಳುವುದಿಲ್ಲ. ಹೆಸರಿಗಿಂತ ಕೆಲಸದ ರೀತಿ ಗೊತ್ತಿದ್ದರೆ ಸಾಕು, ಮುಂದೆ ಯಾರೇ ಬಂದರೂ ಗುರುತು ಹಿಡಿಯಬಹುದು.

ನಾನು ಮೋಟಾರ್ ರಿವೈಂಡಿಂಗ್ ಕೆಲಸದವನು. ಬೋರ್‌ವೆಲ್ ಮೋಟಾರು, ಮಂಡಕ್ಕಿ ಭಟ್ಟಿಯ ಮೋಟಾರು, ಇವೇ ನನ್ನ ಅನ್ನ. ಕಾರು ನನ್ನ ಕಸುಬಲ್ಲ. ಆದರೆ ಕರೆಂಟು ಕರೆಂಟೇ ಅಲ್ವಾ? ಅವತ್ತು ಅಣ್ಣನ ಮನೆಗೆ ಊಟಕ್ಕೆ ಹೋದವನು ಪೋರ್ಟಿಕೋದಲ್ಲಿ ಹರಡಿದ್ದನ್ನು ನೋಡಿ ಊಟ ಮರೆತೆ.

ಗಾಡಿ 2014ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಹತ್ತು ವರ್ಷ ದುಡಿದ ಬ್ಯಾಟರಿ ಸೋತರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಸೂಚನೆಯೂ ಮೊದಲೇ ಸಿಕ್ಕಿತ್ತು. ಡಿಸ್‌ಪ್ಲೇಯಲ್ಲಿ ಬ್ಯಾಟರಿ ಗೀಟು ತುಂಬಿರುತ್ತಿತ್ತು, ಒಂದು ಏರು ಹತ್ತಿದ ಕೂಡಲೇ ತಳ ಸೇರುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ತುಂಬಿಬಿಡುತ್ತಿತ್ತು. ಕೆಪಾಸಿಟಿ, ಅಂದರೆ ಚಾರ್ಜ್ ಹಿಡಿದಿಡುವ ತಾಕತ್ತು, ಸತ್ತ ಬ್ಯಾಟರಿ ಹೀಗೇ ಆಡುತ್ತದೆ. ಬೇಗ ತುಂಬುತ್ತದೆ, ಬೇಗ ಖಾಲಿ. ಹಿಂದಿನ ಸೀಟಿನ ಕಡೆಯಿಂದ ಫ್ಯಾನ್ ಸದ್ದು ಬೇರೆ. ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗದಿಂದ ಹೈವೇ ಹಿಡಿದು ಬರುವಾಗ ಎಚ್ಚರಿಕೆಯ ಕೆಂಪು ತ್ರಿಕೋನ ಲೈಟ್ ಹತ್ತಿತು. ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಪಿ0ಎ80, ಅಂದರೆ ಹೈಬ್ರಿಡ್ ಬ್ಯಾಟರಿ ಬದಲಿಸಿ ಎಂದು. ಹೊಸ ಬ್ಯಾಟರಿಯ ರೇಟು ಕೇಳಿ ಅಣ್ಣ ಸುಸ್ತಾದರು. ಆಗ ಯಾರೋ ಕೊಟ್ಟದ್ದು ಈ ನಂಬರು.

ಈ ಬ್ಯಾಟರಿಯ ಒಳಗೆ ಏನಿದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಇದು ನಿಕಲ್ ಮೆಟಲ್ ಹೈಡ್ರೈಡ್. ಒಂದು ಸೆಲ್ 1.2 ವೋಲ್ಟ್. ಆರು ಸೆಲ್ ಸೇರಿ ಒಂದು ಮಾಡ್ಯೂಲ್, 7.2 ವೋಲ್ಟ್, 6.5 ಆಂಪಿಯರ್ ಅವರ್. ಅಂಥ 34 ಮಾಡ್ಯೂಲ್ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸೇರಿ ನಿಂತು 244.8 ವೋಲ್ಟ್ ಆಗುತ್ತದೆ. ಗಾಡಿಯ ಕಂಪ್ಯೂಟರ್ ಎರಡೆರಡು ಮಾಡ್ಯೂಲ್ ಜೋಡಿ ಮಾಡಿ, 17 ಬ್ಲಾಕ್ ಎಂದು ಲೆಕ್ಕ ಇಟ್ಟು ನೋಡುತ್ತಿರುತ್ತದೆ. ಒಂದು ಬ್ಲಾಕ್ ಉಳಿದವಕ್ಕಿಂತ ತುಂಬಾ ಕೆಳಗೆ ಬಿದ್ದರೆ ಲೈಟ್ ಹಾಕುತ್ತದೆ. ಟೊಯೋಟಾದ ಇನ್ನೊಂದು ಹೈಬ್ರಿಡ್ ಕಾರು ಪ್ರಿಯಸ್‌ನಲ್ಲಿ ಇದೇ ಥರದ 28 ಮಾಡ್ಯೂಲ್, 201.6 ವೋಲ್ಟ್.

ರೀಕಂಡೀಷನ್ ಅನ್ನುವುದು ಪೂರ್ತಿ ಸುಳ್ಳಲ್ಲ, ಅದನ್ನು ಮೊದಲೇ ಹೇಳಬೇಕು. ಗಾಡಿ ಈ ಬ್ಯಾಟರಿಯನ್ನು ಎಂದೂ ಪೂರ್ತಿ ತುಂಬಿಸುವುದಿಲ್ಲ, ಪೂರ್ತಿ ಖಾಲಿಯೂ ಮಾಡುವುದಿಲ್ಲ. ಹೆಚ್ಚುಕಡಿಮೆ 40ರಿಂದ 80 ಪರ್ಸೆಂಟ್ ಒಳಗೇ ಆಡಿಸುತ್ತದೆ. ವರ್ಷಗಟ್ಟಲೆ ಹೀಗೆ ಓಡಿದರೆ ಮಾಡ್ಯೂಲ್‌ಗಳು ಒಂದೊಂದು ಒಂದೊಂದು ಮಟ್ಟಕ್ಕೆ ಬಂದು ನಿಲ್ಲುತ್ತವೆ. ಪ್ರತಿಯೊಂದನ್ನೂ ಬೇರೆ ಮಾಡಿ, ನಿಧಾನವಾಗಿ 6 ವೋಲ್ಟ್ ತನಕ ಇಳಿಸಿ, ಮತ್ತೆ ತುಂಬಿಸಿ, ಹೀಗೆ ಎರಡು ಮೂರು ಸಲ ಮಾಡಿದರೆ ಕಳೆದುಹೋದ ಕೆಪಾಸಿಟಿ ಒಂದಿಷ್ಟು ವಾಪಸ್ ಬರುತ್ತದೆ. ಒಳಗೆ ಶಾರ್ಟ್ ಆದ ಸೆಲ್, ಒಣಗಿದ ಸೆಲ್ ಮಾತ್ರ ಏನು ಮಾಡಿದರೂ ಏಳುವುದಿಲ್ಲ.

ಈಗ ಟೈಮಿನ ಲೆಕ್ಕ ನೋಡಿ. ಮೋಸ ಇರುವುದೇ ಇಲ್ಲಿ.

ಒಂದು ಮಾಡ್ಯೂಲ್‌ನಲ್ಲಿ 7.2 ಗುಣಿಸು 6.5, ಅಂದರೆ 46.8 ವಾಟ್ ಅವರ್. ರಿಮೋಟ್‌ನಲ್ಲಿ ಓಡುವ ಆರ್‌ಸಿ ಆಟಿಕೆಗಳಿಗೆ ಬಳಸುವ ಸಣ್ಣ ಹಾಬಿ ಚಾರ್ಜರ್‌ಗಳನ್ನೇ ಮನೆಯಲ್ಲಿ ಮಾಡುವವರೆಲ್ಲ ತರಿಸಿಕೊಳ್ಳುವುದು. ಅವುಗಳಲ್ಲಿ ಡಿಸ್‌ಚಾರ್ಜ್ ತಾಕತ್ತು 5 ವಾಟ್ ಆಸುಪಾಸು. ಒಂದು ಮಾಡ್ಯೂಲ್ ಇಳಿಸುವುದಕ್ಕೇ ಒಂಬತ್ತು ಗಂಟೆ ಹಿಡಿಯುತ್ತದೆ. 5 ಆಂಪಿಯರ್‌ನಲ್ಲಿ ತುಂಬಿಸಲು ಇನ್ನೊಂದೂವರೆ ಗಂಟೆ. ಮೂರು ಸಲ ಮಾಡಿದರೆ ಒಂದು ಮಾಡ್ಯೂಲ್‌ಗೆ ಒಂದು ದಿನ ದಾಟಿ ಮತ್ತೊಂದು ದಿನಕ್ಕೆ ಕಾಲಿಡುತ್ತದೆ. ನಾಲ್ಕು ಚಾರ್ಜರ್ ಹಗಲೂ ರಾತ್ರಿ ಓಡಿಸಿದರೂ 34 ಮಾಡ್ಯೂಲ್‌ಗೆ ಹನ್ನೆರಡು ದಿನ ಬೇಕು. ಅದೂ ಕೆಇಬಿಯವರು ಕೈಕೊಡದಿದ್ದರೆ. ದೊಡ್ಡ ಮೆಷಿನ್ ಇದ್ದರೆ ದಿನ ಕಡಿಮೆಯಾಗಬಹುದು, ಆದರೆ ಪೋರ್ಟಿಕೋದಲ್ಲಿ ಕೂತು ಒಂದು ಮಧ್ಯಾಹ್ನಕ್ಕೆ ಮುಗಿಯುವ ಕೆಲಸ ಇದಲ್ಲ.

ಆತನ ಹತ್ತಿರ ಇದ್ದದ್ದು ಸ್ಪ್ಯಾನರ್ ಸೆಟ್ಟು, ಮಲ್ಟಿಮೀಟರ್, ಲಾರಿ ಬ್ಯಾಟರಿಗೆ ಹಾಕುವ ಚಾರ್ಜರ್, ಒಂದು ಗೋಣಿಚೀಲದಲ್ಲಿ ಬೇರೆ ಯಾವುದೋ ಗಾಡಿಯ ಮಾಡ್ಯೂಲ್‌ಗಳು. ಜೊತೆಗೊಬ್ಬ ಹುಡುಗ. "ಇಷ್ಟೊಂದು ವೋಲ್ಟೇಜ್ ಐತಿ, ಗ್ಲೌಸ್ ಇಲ್ವಾ?" ಅಂತ ಕೇಳಿದೆ. "ಏನಾಗಲ್ಲ ಬಿಡ್ರೀ ಸಾರ್, ಪ್ಲಗ್ ಕಿತ್ತೀನಲ್ಲ" ಅಂದ.

ಪ್ಲಗ್ ಕಿತ್ತರೆ ಏನಾಗುತ್ತದೆ ಗೊತ್ತಾ? ಕಿತ್ತಳೆ ಬಣ್ಣದ ಆ ಸರ್ವಿಸ್ ಪ್ಲಗ್ ಮಾಡ್ಯೂಲ್‌ಗಳ ಸಾಲನ್ನು ನಡುವೆ ಕತ್ತರಿಸುತ್ತದೆ, ಅಷ್ಟೇ. ಕತ್ತರಿಸಿದ ಎರಡೂ ತುಂಡಿನಲ್ಲಿ ಅದರದರ ಪಾಲಿನ ವೋಲ್ಟೇಜ್ ಹಾಗೇ ಇರುತ್ತದೆ. ಇನ್ನು ಗಾಡಿಯ ಮುಂಭಾಗದಲ್ಲಿ, ಬ್ಯಾಟರಿಯ ಡಿಸಿಯನ್ನು ಮೋಟಾರಿಗೆ ಎಸಿ ಮಾಡಿಕೊಡುವ ಇನ್‌ವರ್ಟರ್ ಒಳಗೆ ಚಾರ್ಜ್ ಹಿಡಿದಿಡುವ ಕೆಪಾಸಿಟರ್‌ಗಳು ಚಾರ್ಜ್ ಕಳೆದುಕೊಳ್ಳಲು ಕಡಿಮೆ ಅಂದರೂ ಹತ್ತು ನಿಮಿಷ ಕಾಯಬೇಕು. ಆಮೇಲೂ ಮೀಟರ್ ಹಿಡಿದು ನೋಡಿಯೇ ಕೈ ಇಡಬೇಕು. 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ಬೇಕು. ಉಂಗುರ, ವಾಚು, ಕೊರಳ ಚೈನು ತೆಗೆದಿಡಬೇಕು. ಆ ಹುಡುಗನ ಕೈಯಲ್ಲಿ ಸ್ಟೀಲ್ ಕಡಗ ಇತ್ತು.

ನಮ್ಮ ಲೈನಿನಲ್ಲಿ ಇರುವವರಿಗೂ ಇದೊಂದು ಮಾತು. ಮನೆಯ 230 ವೋಲ್ಟ್ ಎಸಿ ಕರೆಂಟು ಮುಟ್ಟಿ ಅಭ್ಯಾಸ ಇರುವವರಿಗೆ ಈ ಬ್ಯಾಟರಿಯ 245 ವೋಲ್ಟ್ ಡಿಸಿ ಅಂದರೆ ಅಷ್ಟೇ ತಾನೇ ಅನ್ನಿಸುತ್ತದೆ. ಅಲ್ಲ. ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಕಿಡಿ ಹತ್ತಿದರೂ ಆರಲು ದಾರಿ ಇರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಸ್ಪ್ಯಾನರ್ ಎರಡು ಕಡೆ ತಾಗಿ ಕಿಡಿ ಹತ್ತಿದರೆ ತಾಮ್ರ ಕರಗುವ ತನಕ ಉರಿಯುತ್ತದೆ. ಮನೆಯ ಮೇನ್‌ನಲ್ಲಾದರೂ ಫ್ಯೂಸ್ ಹೋಗುತ್ತದೆ. ಬಿಚ್ಚಿಟ್ಟ ಮಾಡ್ಯೂಲ್ ಸಾಲಿನಲ್ಲಿ ಅದೂ ಇಲ್ಲ.

ಆದರೆ ಬ್ಯಾಟರಿ ಕೊಂದದ್ದು ಸ್ಪ್ಯಾನರ್ ಅಲ್ಲ, ಆ ಲಾರಿ ಚಾರ್ಜರ್. ಈ ಮಾಡ್ಯೂಲ್‌ಗಳ ಮೈ ಪ್ಲಾಸ್ಟಿಕ್. ತುಂಬುವಾಗ ಒಳಗೆ ಗ್ಯಾಸ್ ಒತ್ತಡ ಏರುತ್ತದೆ. ಪ್ಯಾಕ್ ಒಳಗಿದ್ದಾಗ ಎರಡು ತುದಿಯ ಕಬ್ಬಿಣದ ಪ್ಲೇಟು, ರಾಡು ಬಿಗಿಯಾಗಿ ಅಮುಕಿ ಹಿಡಿದಿರುವುದರಿಂದ ಊದಿಕೊಳ್ಳುವುದಿಲ್ಲ. ಹೊರಗೆ ತೆಗೆದು ಚಾರ್ಜ್ ಮಾಡುವಾಗಲೂ ಹಲಗೆ, ಬೋಲ್ಟ್ ಹಾಕಿ ಅಷ್ಟೇ ಬಿಗಿ ಹಿಡಿಯಬೇಕು. ಆತ ಬಿಸಿ ನೆಲದ ಮೇಲೆ ಬಿಡಿಬಿಡಿಯಾಗಿ ಹರಡಿ, ತುಂಬಿದೆಯೋ ಇಲ್ಲವೋ ನೋಡುವ ವ್ಯವಸ್ಥೆಯೇ ಇಲ್ಲದ ಚಾರ್ಜರ್ ಹಾಕಿ ಚಹಾಕ್ಕೆ ಹೋದ. ಬರುವ ಹೊತ್ತಿಗೆ ಕೆಲವು ಹೊಟ್ಟೆ ಬಿಟ್ಟಿದ್ದವು. ಒಂದರ ಅಂಚಿನಿಂದ ನೀರಿನ ಥರ ಜಿನುಗುತ್ತಿತ್ತು. ಹುಡುಗ ಅದನ್ನು ಬರಿಗೈಯಲ್ಲಿ ಒರೆಸಿದ. "ಸೋಪಿನಂಗೆ ಜಾರ್ತೈತಣ್ಣ" ಅಂದ.

ಅದು ಪೊಟ್ಯಾಷಿಯಂ ಹೈಡ್ರಾಕ್ಸೈಡ್. ಜಾರುತ್ತದೆ ಅಂದರೆ ಚರ್ಮವನ್ನೇ ತಿನ್ನುತ್ತಿದೆ ಅಂತ. ನಲ್ಲಿ ಕೆಳಗೆ ಹಿಡಿಸಿ ಬಹಳ ಹೊತ್ತು ತೊಳೆಸಿದೆವು, ಏನೂ ಆಗಲಿಲ್ಲ. ಕಣ್ಣಿಗೆ ಹೋಗಿದ್ದರೆ ಕಥೆ ಬೇರೆ. ಜಾಸ್ತಿ ಚಾರ್ಜ್ ಆದರೆ ಬೆಂಕಿ ಹತ್ತುವ ಹೈಡ್ರೋಜನ್ ಗ್ಯಾಸ್ ಕೂಡ ಹೊರಬರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ, ಬೀಡಿ ಹಚ್ಚುವವರ ಪಕ್ಕದಲ್ಲಿ ಈ ಕೆಲಸ ಬೇಡವೇ ಬೇಡ.

ನಿಲ್ಲಿಸಿ ಅಂದೆವು. ಅರ್ಧ ಬಿಚ್ಚಿದ್ದು, ಕಟ್ಟಿಕೊಟ್ಟೇ ಹೋಗುತ್ತೇನೆ ಅಂದ. ಹೊಟ್ಟೆ ಬಿಟ್ಟವನ್ನು ತೆಗೆದು ಗೋಣಿಚೀಲದಿಂದ ಬೇರೆ ಹಾಕಿದ. ಅವುಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಇನ್ಯಾರೋ ಬರೆದ ನಂಬರು ಕಾಣುತ್ತಿತ್ತು. ಯಾವ ಊರಿನ ಯಾವ ಗಾಡಿಯದೋ, ಎಷ್ಟು ಕೆಪಾಸಿಟಿ ಉಳಿದಿದೆಯೋ ಕೇಳುವವರಿಲ್ಲ. ಬೇರೆ ಬೇರೆ ವಯಸ್ಸಿನ ಮಾಡ್ಯೂಲ್ ಒಂದೇ ಸಾಲಿಗೆ ಹಾಕುವುದೆಂದರೆ ಹೋರಿಕರುವಿನ ಜೊತೆ ಮುದಿ ಎತ್ತನ್ನು ನೊಗಕ್ಕೆ ಕಟ್ಟಿದ ಹಾಗೆ. ಸೀರೀಸ್ ಅಲ್ವಾ, ಎಲ್ಲದರಲ್ಲೂ ಹರಿಯುವ ಕರೆಂಟು ಒಂದೇ. ಕಡಿಮೆ ಕೆಪಾಸಿಟಿಯದು ಮೊದಲು ಖಾಲಿಯಾಗಿ ಉಲ್ಟಾ ಚಾರ್ಜ್ ಆಗುತ್ತದೆ, ಅದು ಸಾಯುತ್ತದೆ. ಅದನ್ನು ಬದಲಿಸಿದರೆ ಮುಂದಿನ ತಿಂಗಳು ಪಕ್ಕದ್ದು. ನಟ್ಟುಗಳನ್ನು ಕೈಬಲ ಇರುವಷ್ಟೂ ಬಿಗಿದ. ಎಷ್ಟು ಬಿಗಿ ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಇಟ್ಟು 5.4 ನ್ಯೂಟನ್ ಮೀಟರ್‌ಗೆ ನಿಲ್ಲಿಸಬೇಕಾದ ಪುಟ್ಟ ನಟ್ಟು ಅದು. ಕೊನೆಗೆ ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿದ. ಲೈಟ್ ಹೋಯಿತು. ದುಡ್ಡು ಎಣಿಸಿಕೊಂಡ.

ಕೋಡ್ ಅಳಿಸಿದರೆ ಲೈಟ್ ಹೋಗುತ್ತದೆ. ರಿಪೇರಿ ಆಯಿತು ಅಂತ ಅದರರ್ಥ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ಲೈಟ್ ನೋಡಿಯೇ ದುಡ್ಡು ಕೊಡುತ್ತಾರೆ.

ಕೆಲವು ವಾರಕ್ಕೆ ಹಳೇ ಕೋಡ್ ವಾಪಸ್ ಬಂತು, ಜೊತೆಗೆ ಹೊಸದೊಂದು, ಪಿ0ಎಎ6. ನಮ್ಮ ಭಾಷೆಯಲ್ಲಿ ಬಾಡಿ ಶಾರ್ಟ್. ಪ್ಯಾಕ್ ಒಳಗೂ ಹಾಗೇ ಜಿನುಗಿದ ದ್ರವ ಕೆಳಗಿನ ಕಬ್ಬಿಣದ ಟ್ರೇಗೆ ಇಳಿದು, ಹೈ ವೋಲ್ಟೇಜಿಗೂ ಗಾಡಿಯ ಬಾಡಿಗೂ ದಾರಿ ಮಾಡಿತ್ತು. ಹರಿಹರದ ಹತ್ತಿರ ಒಮ್ಮೆ ಆಫ್ ಮಾಡಿದ್ದು ಗಾಡಿ ಓಡಲು ಸಿದ್ಧ ಎನ್ನುವ 'ರೆಡಿ' ಲೈಟ್ ಮತ್ತೆ ಬರಲೇ ಇಲ್ಲ. ಈ ಗಾಡಿಗೆ ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ, ಇಂಜಿನ್ ತಿರುಗಿಸುವುದೂ ಇದೇ ದೊಡ್ಡ ಬ್ಯಾಟರಿ. ತಳ್ಳಿ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಹಗ್ಗ ಕಟ್ಟಿ ಎಳೆಯಲೂಬಾರದು, ಮುಂದಿನ ಗಾಲಿ ತಿರುಗಿದರೆ ಒಳಗಿನ ಮೋಟಾರ್ ಕರೆಂಟ್ ಹುಟ್ಟಿಸುತ್ತದೆ. ಫ್ಲಾಟ್‌ಬೆಡ್ ತರಿಸಬೇಕಾಯಿತು. ಆ ನಂಬರು ಆಗಲೇ ಸ್ವಿಚ್ ಆಫ್.

ಬೆಂಗಳೂರಿನಲ್ಲಿ ಬಿಚ್ಚಿ ನೋಡಿದವರು ನಮಗೆ ತೋರಿಸಿದ್ದು ಇನ್ನೂ ಬೇಜಾರಿನ ವಿಷಯ. ಬ್ಯಾಟರಿ ತಂಪು ಮಾಡುವ ಫ್ಯಾನ್ ತುಂಬ ಧೂಳು, ಕೂದಲು, ಹತ್ತಿಯಂಥ ನೂಲು ಕಟ್ಟಿಕೊಂಡಿತ್ತು. ಬ್ಯಾಟರಿ ಬಿಸಿಯಾಗಿ ಬೇಗ ಸೋಲಲು ಅದೂ ಒಂದು ಕಾರಣ. ಇಡೀ ಪ್ಯಾಕ್ ಹೊರಗೆ ತೆಗೆದಿದ್ದ ಆಸಾಮಿ ಅದಕ್ಕೊಂದು ಬ್ರಷ್ ಕೂಡ ಹಾಕಿರಲಿಲ್ಲ. ರಿಪೇರಿಗೆ ಬರುವ ಸ್ಥಿತಿಯೇ ಉಳಿದಿರಲಿಲ್ಲ. ಪೂರ್ತಿ ಹೊಸ ಪ್ಯಾಕೇ ಹಾಕಿಸಿದ್ದಾಯಿತು.

ನಿಮ್ಮ ಗಾಡಿಯಲ್ಲಿ ಆ ಲೈಟ್ ಬಂದರೆ ಏನೂ ಬಿಚ್ಚದೆ ನೋಡಬಹುದಾದದ್ದು ಬಹಳ ಇದೆ. ಮೊದಲು ಸಣ್ಣ 12 ವೋಲ್ಟ್ ಬ್ಯಾಟರಿ. ಅದು ಸೋತಿದ್ದರೂ ಹೈಬ್ರಿಡ್ ಗಾಡಿ ಏನೇನೋ ಎಚ್ಚರಿಕೆ ತೋರಿಸುತ್ತದೆ. ಆಮೇಲೆ ಫ್ಯಾನಿನ ಗಾಳಿ ಜಾಲರಿ. ಅದಕ್ಕೆ ಬ್ಯಾಗು, ಜಮಖಾನ ಅಡ್ಡ ಇಡಬೇಡಿ, ಧೂಳು ತೆಗೆಸುತ್ತಿರಿ. ಗಾಡಿಯ ಕಂಪ್ಯೂಟರ್‌ಗೆ ಸಿಕ್ಕಿಸುವ ಬ್ಲೂಟೂತ್ ಒಬಿಡಿ ರೀಡರ್ ಒಂದು ತರಿಸಿಕೊಂಡು ಡಾಕ್ಟರ್ ಪ್ರಿಯಸ್ ಎಂಬ ಆ್ಯಪ್ ಹಾಕಿದರೆ ಪ್ರತಿ ಬ್ಲಾಕಿನ ವೋಲ್ಟೇಜ್ ಫೋನಿನಲ್ಲೇ ಕಾಣುತ್ತದೆ. ಪಕ್ಕದಲ್ಲಿ ಕೂತವರು ನೋಡಲಿ, ಓಡಿಸುವವರು ಬೇಡ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಎಲ್ಲ ಬ್ಲಾಕೂ ಇಳಿಯುತ್ತವೆ. ಯಾವಾಗಲೂ ಅದೇ ಒಂದು ಬ್ಲಾಕ್ ಉಳಿದವಕ್ಕಿಂತ 1.2 ವೋಲ್ಟ್‌ನಷ್ಟು ಕೆಳಗೆ ಹೋದರೆ ಅದರಲ್ಲೊಂದು ಸೆಲ್ ಹೋಗಿದೆ. ಎಲ್ಲವೂ ಒಟ್ಟಿಗೆ ಕುಸಿದರೆ ಪ್ಯಾಕೇ ಮುದಿಯಾಗಿದೆ, ಬಿಡಿ ಮಾಡ್ಯೂಲ್ ಬದಲಿಸಿ ಪ್ರಯೋಜನವಿಲ್ಲ. ಈ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮೆಕ್ಯಾನಿಕ್ ಹತ್ತಿರ ಹೋಗಿ. ಅದನ್ನು ನೋಡಿ ಮಾತಾಡಲು ಬರದವನು ಸ್ಪ್ಯಾನರ್ ಮುಟ್ಟುವುದು ಬೇಡ.

ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ ಕಾರು ಇರುವವರು ಮೇಲಿನ ರೀಕಂಡೀಷನ್ ಮಾತನ್ನು ಮರೆತೇಬಿಡಿ. ಅವುಗಳಲ್ಲಿ ಇರುವುದು ಲಿಥಿಯಂ. ಇಳಿಸಿ ಏರಿಸುವ ಆಟ ಅದರ ಜೊತೆ ಆಡಿದರೆ ಬೆಂಕಿ ಬೀಳಬಹುದು. ಟೊಯೋಟಾದ ಇನ್ನೋವಾ ಹೈಕ್ರಾಸ್, ಹೈರೈಡರ್ ಹೈಬ್ರಿಡ್ ಬ್ಯಾಟರಿಗೆ ಕಂಪನಿಯದೇ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. ಹೊರಗಿನವರು ಬಿಚ್ಚಿದರೆ ಆ ವಾರಂಟಿಗೂ ಕುತ್ತು.

ಕೆಲಸ ಬಲ್ಲವರು ಇಲ್ಲವೆಂದಲ್ಲ. ಬಲ್ಲವರು ಗಾಡಿ ಬಿಟ್ಟು ಹೋಗಿ ಅನ್ನುತ್ತಾರೆ, ದಿನಗಟ್ಟಲೆ ಟೈಮ್ ಕೇಳುತ್ತಾರೆ. ಪ್ರತಿ ಮಾಡ್ಯೂಲ್‌ನ ಕೆಪಾಸಿಟಿ, ಹೆಡ್‌ಲೈಟ್ ಬಲ್ಬ್ ಹಾಕಿ ಲೋಡ್ ಕೊಟ್ಟಾಗ ಎಷ್ಟು ವೋಲ್ಟ್ ನಿಂತಿತು ಅನ್ನುವುದನ್ನು ಬರೆದುಕೊಡುತ್ತಾರೆ. ಬಿಚ್ಚುವ ಮೊದಲೇ ಎಲ್ಲ ಮಾಡ್ಯೂಲ್‌ಗಳ ಸೀರಿಯಲ್ ನಂಬರ್ ಫೋಟೋ ತೆಗೆಸಿ. ತೆಗೆದ ಹಳೇ ಮಾಡ್ಯೂಲ್ ನಿಮ್ಮ ಕೈಗೇ ಬರಬೇಕು ಎಂದು ಹೇಳಿ. ನಮ್ಮಲ್ಲಿ ಬಂದವನು ಹೊಟ್ಟೆ ಬಿಟ್ಟವನ್ನೂ ಚೀಲಕ್ಕೆ ಹಾಕಿಕೊಂಡೇ ಹೋದ. ಒತ್ತಿ ಚಪ್ಪಟೆ ಮಾಡಿ ಇನ್ಯಾರ ಗಾಡಿಗೆ ಹಾಕಿದನೋ. ಹಳೇ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಹೊಣೆ 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ತಯಾರಕರದ್ದು. ಹೊಸ ಪ್ಯಾಕ್ ಹಾಕಿಸುವಾಗ ಹಳೆಯದನ್ನು ಅಲ್ಲೇ ಒಪ್ಪಿಸಿ ರಸೀದಿ ಕೇಳಿ. ನಿಕಲ್ ಇದೆ ಅಂತ ನಮ್ಮೂರ ಗುಜರಿಯವರೊಬ್ಬರು ಒಳ್ಳೇ ರೇಟೇ ಹೇಳಿದ್ದರು, ಅಣ್ಣ ಕೊಡಲಿಲ್ಲ.