ಎಕ್ಲಿಪ್ಸ್ 77: ಗುಜರಿ ಅಂಗಡಿಯಲ್ಲಿ ಸಿಕ್ಕಿದ, ಗರಗಸಕ್ಕೆ ಸೆಟ್ ಕೊಡುವ ಇಕ್ಕಳ

ಮಂಗಳೂರಿನ ಬಂದರು ಪ್ರದೇಶದ ಗುಜರಿ ಅಂಗಡಿಯೊಂದರಲ್ಲಿ 350 ರೂಪಾಯಿಗೆ ದೊರೆತ ಈ ಹತ್ಯಾರನ್ನು ಅಂಗಡಿಯವರು ಚರ್ಮಕ್ಕೆ ತೂತು ಹೊಡೆಯುವ ಪಂಚ್ ಎಂದೇ ಮಾರಿದರು. ಇಕ್ಕಳದಂಥ ಎರಡು ಹಿಡಿಕೆಗಳನ್ನೂ ಮೂತಿಯಲ್ಲಿ ತಿರುಗುವ ಪುಟ್ಟ ಚಕ್ರವನ್ನೂ ಕಂಡವರು ಹಾಗೆ ತಿಳಿಯುವುದು ಸಹಜವೇ. ಆದರೆ ಚರ್ಮದ ಪಂಚಿನ ಚಕ್ರದ ಸುತ್ತ ಬೇರೆ ಬೇರೆ ಗಾತ್ರದ ಕೊಳವೆಗಳಿರುತ್ತವೆ. ಇದರದ್ದು ಉಕ್ಕಿನ ಗಟ್ಟಿ ಬಿಲ್ಲೆ, ಅಂಚು ಓರೆ, ಸುತ್ತಲೂ 4ರಿಂದ 12ರವರೆಗಿನ ಅಂಕಿಗಳು. ಉಪ್ಪುಗಾಳಿಗೆ ಹಿಡಿದಿದ್ದ ತುಕ್ಕನ್ನು ಸೀಮೆಎಣ್ಣೆ ಹಚ್ಚಿ ಉಜ್ಜಿದಾಗ ಎಕ್ಲಿಪ್ಸ್ ಎಂಬ ಹೆಸರೂ 77 ಎಂಬ ಸಂಖ್ಯೆಯೂ ಕಾಣಿಸಿದವು. ಇದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೇಮ್ಸ್ ನೀಲ್ ಕಂಪನಿಯ ಸಾ ಸೆಟ್, ಅಂದರೆ ಗರಗಸದ ಹಲ್ಲುಗಳನ್ನು ಬಾಗಿಸುವ ಸಾಧನ. ಈ ಬಾಗಿಗೇ ಸೆಟ್ ಎನ್ನುವುದು.

ಗರಗಸದ ಹಲ್ಲುಗಳು ಒಂದು ಎಡಕ್ಕೆ, ಮರುಹಲ್ಲು ಬಲಕ್ಕೆ ತುಸು ಬಾಗಿರದಿದ್ದರೆ ಕೊಯ್ದ ಸೀಳು ಅಲಗಿನಷ್ಟೇ ಅಗಲವಾಗಿ, ಅಲಗು ಮರದೊಳಗೆ ಕಚ್ಚಿಕೊಂಡು ನಿಲ್ಲುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತೇವ ಹೀರಿದ ಹಲಸಿನ ಹಲಗೆಯನ್ನು ಕೊಯ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಸಿ ಮರಕ್ಕೆ ಬಾಗು ಹೆಚ್ಚು ಬೇಕು, ಚೆನ್ನಾಗಿ ಒಣಗಿದ ತೇಗಕ್ಕೆ ಅಲ್ಪ ಸಾಕು. ಬಿಲ್ಲೆಯ ಅಂಕಿ ಅಂಗುಲವೊಂದರಲ್ಲಿರುವ ಹಲ್ಲುಗಳ ಲೆಕ್ಕವನ್ನು ಸೂಚಿಸುತ್ತದೆ. ಹಲ್ಲು ಸಣ್ಣದಾದಷ್ಟೂ ಬಾಗು ಕಡಿಮೆ.

ಹಿಡಿಕೆ ಅದುಮಿದಾಗ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡಬೇಕು: ಮೊದಲು ಅಗಲದ ತುಂಡೊಂದು ಮುಂದೆ ಬಂದು ಅಲಗನ್ನು ಬಿಲ್ಲೆಗೆ ಒತ್ತಿ ಹಿಡಿಯುತ್ತದೆ, ಅದರ ನಂತರವೇ ನಡುವಿನ ಸಣ್ಣ ಕಡ್ಡಿ ಹಲ್ಲಿನ ಮೇಲ್ತುದಿಯನ್ನು ಓರೆ ಅಂಚಿನ ಮೇಲಕ್ಕೆ ತಳ್ಳುತ್ತದೆ. ಅಲಗು ಜಾರದ ಕಾರಣ ಎಲ್ಲ ಹಲ್ಲುಗಳೂ ಒಂದೇ ಅಳತೆಗೆ ಬಾಗುತ್ತವೆ. ಒಂದು ಬಿಟ್ಟು ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಒಂದು ಬದಿ ಮುಗಿಸಿ, ಗರಗಸವನ್ನು ತಿರುಗಿಸಿ ಉಳಿದವನ್ನು ಮಾಡಿದರಾಯಿತು.

ದೂರು ಒಂದೇ. ಅಂಕಿಯನ್ನು ಅಕ್ಷರಶಃ ನಂಬಿದರೆ ಬಾಗು ಅಗತ್ಯಕ್ಕಿಂತ ಹೆಚ್ಚಾಗಿ, ಸೀಳು ಅಗಲವಾಗಿ ತೋಳಿಗೆ ವೃಥಾ ಶ್ರಮ. ಅಂಗುಲಕ್ಕೆ ಎಂಟು ಹಲ್ಲಿನ ಗರಗಸಕ್ಕೆ ಬಿಲ್ಲೆಯನ್ನು 10 ಅಥವಾ 12ರಲ್ಲಿ ಇಡುವುದೇ ನನಗೆ ಸರಿ ಕಂಡಿದೆ.

ಹಾರ್ಡ್‌ವೇರ್ ಅಂಗಡಿಗಳಲ್ಲಿ ಈಗ ದೊರೆಯುವ, ಹಲ್ಲಿನ ತುದಿ ನೀಲಿಗಪ್ಪಾಗಿರುವ ಗರಗಸಗಳಿಗೆ ಇದು ಪ್ರಯೋಜನವಿಲ್ಲ. ಆ ಹಲ್ಲುಗಳನ್ನು ವಿಪರೀತ ಗಡುಸುಗೊಳಿಸಿರುವುದರಿಂದ ಬಾಗುವ ಬದಲು ಮುರಿಯುತ್ತವೆ. ಅರ ಹಾಕಿ ಹರಿತ ಮಾಡಬಹುದಾದ ಹಳೆಯ ಗರಗಸ ಇರುವವರಿಗೆ ಮಾತ್ರ ಇದನ್ನು ಕೊಳ್ಳಿ ಎಂದು ಧಾರಾಳವಾಗಿ ಹೇಳಬಲ್ಲೆ. ಕೊಳ್ಳುವ ಮುನ್ನ ಹಿಡಿಕೆಯನ್ನು ಅದುಮಿ ಬಿಟ್ಟು ನೋಡಿ: ಸ್ಪ್ರಿಂಗ್ ತಾನಾಗಿ ಹಿಂದಕ್ಕೆ ಬರಬೇಕು, ಬಿಲ್ಲೆಯ ತಿರುಪು ತಿರುಗಿಸಿದರೆ ಸಡಿಲಗೊಳ್ಳಬೇಕು, ಕಡ್ಡಿಯ ತುದಿ ಸವೆಯದೆ ಉಳಿದಿರಬೇಕು. ತುದಿ ಸವೆದಿದ್ದರೆ ಅರದಿಂದ ಸರಿಪಡಿಸಬಹುದು. ಮುರಿದಿದ್ದರೆ ನೂರು ರೂಪಾಯಿಗೂ ಬೇಡ.