ಮಿನಿಮೂಗ್ ಬೇಕೋ, ಜೂನೋ ಬೇಕೋ?

ವಿದ್ಯುತ್ ಸರ್ಕ್ಯೂಟ್‌ಗಳಿಂದ ದನಿ ಹುಟ್ಟಿಸುವ ಅನಲಾಗ್ ಸಿಂಥಸೈಜರ್ ಆರಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮ್ಮ ಕೈ ಹುಡುಕುವುದು ತಗ್ಗು ದನಿಯ ಬಾಸನ್ನೋ, ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್‌ಗಳನ್ನೋ?

1970ರ ಮಿನಿಮೂಗ್ ಒಮ್ಮೆಗೆ ಒಂದೇ ಸ್ವರ ನುಡಿಯುತ್ತದೆ, ಆದರೆ ಆ ಸ್ವರದ ಹಿಂದೆ ಮೂಲ ಅಲೆ ಹುಟ್ಟಿಸುವ ಮೂರು ಆಸಿಲೇಟರ್‌ಗಳಿವೆ. ಎರಡನ್ನು ಒಂದೇ ಶ್ರುತಿಗೆ ತಂದು, ಮೂರನೆಯದನ್ನು ಕೂದಲೆಳೆಯಷ್ಟು ಸರಿಸಿ. ಅಲುಗದೆ ನಿಂತಿದ್ದ ದನಿ ಉಸಿರಾಡತೊಡಗುತ್ತದೆ. ಸಿಂಥಸೈಜರ್ ತಯಾರಕ ಬಾಬ್ ಮೂಗ್ ರೂಪಿಸಿದ, ಟ್ರಾನ್ಸಿಸ್ಟರ್‌ಗಳನ್ನು ಏಣಿಯಂತೆ ಜೋಡಿಸಿದ ಫಿಲ್ಟರ್ ಆಕ್ಟೇವಿಗೆ (ಸಪ್ತಕಕ್ಕೆ) 24 ಡೆಸಿಬೆಲ್‌ನಂತೆ ಮೇಲಿನ ಆವರ್ತನಗಳನ್ನು ತಗ್ಗಿಸುತ್ತದೆ. ಗುಂಡಿ ತಿರುಗಿಸುತ್ತ ಹೋದಂತೆ ಗರಗಸದ ಹಲ್ಲಿನಂಥ ಅಲೆ ದುಂಡಗಾಗಿ ಎದೆಗೆ ತಾಗುತ್ತದೆ. ನನಗಂತೂ ಈ ಫಿಲ್ಟರ್‌ ಒಂದಕ್ಕೇ ಈ ವಾದ್ಯ ಬೇಕು. ಕಷ್ಟವೂ ಇದೆ: ಬಿಸಿ ಏರಿಳಿದಂತೆ ಹಳೆಯ ಆಸಿಲೇಟರ್‌ಗಳ ಶ್ರುತಿ ಜಾರುತ್ತದೆ, ಮೆಮೊರಿ ಇಲ್ಲ. ಇಷ್ಟವಾದ ದನಿ ಸಿಕ್ಕರೆ ಗುಂಡಿಗಳ ಸ್ಥಾನವನ್ನು ಕಾಗದದಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು.

1984ರ ರೋಲ್ಯಾಂಡ್ ಜೂನೋ-106 ಆರು ಸ್ವರಗಳನ್ನು ಒಟ್ಟಿಗೆ ನುಡಿಸುತ್ತದೆ. ಆಸಿಲೇಟರಿನ ಲಯವನ್ನು ಡಿಜಿಟಲ್ ಗಡಿಯಾರ ಕಾಯುವುದರಿಂದ ಶ್ರುತಿ ಕದಲದು. 128 ದನಿಗಳನ್ನು ಉಳಿಸಿಡಬಹುದು, ಬೇರೆ ವಾದ್ಯ, ಕಂಪ್ಯೂಟರ್‌ಗಳೊಡನೆ ಜೋಡಿಸಲು ಮಿಡಿಯೂ ಇದೆ. ಸ್ವರಕ್ಕೆ ಒಂದೇ ಆಸಿಲೇಟರ್ ಆದ್ದರಿಂದ ದನಿ ತುಸು ತೆಳು. ಒಂದು ದನಿಯನ್ನು ಹಲವಾಗಿ ಕೇಳಿಸುವ ಕೋರಸ್ ಗುಂಡಿ ಒತ್ತಿದರೆ ಆ ಕೊರತೆ ತುಂಬುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಆರೂ ಸ್ವರಗಳನ್ನು ಒಂದೊಂದಾಗಿ ಕೇಳಿ. ಚಿಪ್ ಕೆಟ್ಟಿದ್ದರೆ ಒಂದು ಸ್ವರ ಚಟಪಟ ಎನ್ನುತ್ತದೆ, ಇಲ್ಲವೇ ಮೂಕವಾಗಿರುತ್ತದೆ.

ಹಾಡಿನ ಹಿನ್ನೆಲೆಗೆ, ವೇದಿಕೆಗೆ ಜೂನೋ. ದನಿ ಹುಟ್ಟುವ ಬಗೆಯನ್ನೇ ಕೈಯಾರೆ ಕಲಿಯಬೇಕೆಂದಿದ್ದರೆ ಮಿನಿಮೂಗ್.