ತವರು ಮೊದಲಾ, ಗಂಡನ ಮನೆ ಮೊದಲಾ? ಹಟ್ ಬೇಯಿಂದ ಊರಿಗೆ ನಾವು ನೋಡಿದ ದಾರಿಗಳು

ಅಂಡಮಾನ್ ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ಸೆಲ್ಯುಲಾರ್ ಜೈಲು. ಅದು ಇರುವುದು ಪೋರ್ಟ್ ಬ್ಲೇರ್‌ನಲ್ಲಿ. 2024ರಲ್ಲಿ ಅದಕ್ಕೆ ಶ್ರೀ ವಿಜಯ ಪುರಂ ಅಂತ ಹೆಸರಿಟ್ಟರು, ನಮ್ಮ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ. ನಾವಿರುವುದು ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಲಿಟಲ್ ಅಂಡಮಾನ್ ದ್ವೀಪದ ಹಟ್ ಬೇಯಲ್ಲಿ. ಇವರದು ಸರ್ಕಾರಿ ಕೆಲಸ. ನಾನು ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತೇನೆ. ಇವರ ಊರು ದಾವಣಗೆರೆ, ನನ್ನ ತವರು ಚಿತ್ರದುರ್ಗ. ವರ್ಷಕ್ಕೊಮ್ಮೆ ಬರುತ್ತೇವೆ. ಐದು ವರ್ಷದಲ್ಲಿ ಇರುವ ದಾರಿಗಳನ್ನೆಲ್ಲ ನೋಡಿ ಆಯಿತು.

ಹಟ್ ಬೇಯಿಂದ ಪೋರ್ಟ್ ಬ್ಲೇರ್‌ಗೆ ಹಡಗಿನಲ್ಲಿ ಏಳೆಂಟು ಗಂಟೆ. ಹೆಲಿಕಾಪ್ಟರ್ ಕೂಡ ಇದೆ. ಸೀಟು ಕಡಿಮೆ, ಚೀಲ ಒಯ್ಯಲು ಬಿಡುವುದೂ ಅಷ್ಟಕ್ಕಷ್ಟೇ. ಒಮ್ಮೆ ಹತ್ತಿದ್ದೆವು, ಚೆನ್ನಾಗಿತ್ತು. ಅದನ್ನು ನಂಬಿಕೊಂಡು ಅದೇ ದಿನದ ವಿಮಾನಕ್ಕೆ ಮಾತ್ರ ಟಿಕೆಟ್ ಮಾಡಿಸಬೇಡಿ. ಮಳೆ ಹಿಡಿದರೆ ಅದು ಏಳುವುದಿಲ್ಲ.

ನಿಜವಾದ ಜಗಳ ಇರುವುದು ಪೋರ್ಟ್ ಬ್ಲೇರ್‌ನಿಂದ ಮುಂದೆ. ವಿಮಾನವಾ, ಹಡಗಾ?

ವಿಮಾನದ ಪರ ಹೇಳುವುದು ಸುಲಭ. ಬೆಂಗಳೂರಿಗೆ ನೇರ ವಿಮಾನವಿದೆ, ಎರಡೂವರೆ ಗಂಟೆ ಹತ್ತಿರ. ಚೆನ್ನೈಗಾದರೆ ಇನ್ನೂ ಸ್ವಲ್ಪ ಕಡಿಮೆ. ಅದೇ ಚೆನ್ನೈಗೆ ಹ್ಯಾಡೋ ಜೆಟ್ಟಿಯಿಂದ ಹಡಗು ಹತ್ತಿದರೆ ಮೂರು ದಿನ. ಆಮೇಲೆ ಬೆಂಗಳೂರಿನ ರೈಲು, ಅಲ್ಲಿಂದ ಊರಿನ ರೈಲು. ಮೂವತ್ತು ದಿನದ ರಜೆಯಲ್ಲಿ ಒಂದು ವಾರ ಹಾಗೇ ಕರಗಿಹೋಗುತ್ತದೆ. ಹಡಗು ಇರುವುದೂ ತಿಂಗಳಿಗೆ ಕೆಲವೇ ಸಲ. ನಮ್ಮ ರಜೆಗೂ ಅದರ ದಿನಕ್ಕೂ ತಾಳೆಯಾಗಬೇಕಲ್ಲ?

ದುಡ್ಡಿನ ಲೆಕ್ಕ ಉಲ್ಟಾ. ಬೇಸಿಗೆ ರಜೆಯಲ್ಲಿ ಒಂದು ವಿಮಾನ ಟಿಕೆಟ್ಟಿನ ದುಡ್ಡಲ್ಲಿ ಇಬ್ಬರೂ ಬಂಕ್ ಕ್ಲಾಸಿನಲ್ಲಿ ಹೋಗಬಹುದು. ಬಂಕ್ ಅಂದರೆ ದೊಡ್ಡ ಹಾಲ್, ಸಾಲು ಸಾಲು ಮಂಚ, ಮೇಲೊಬ್ಬರು ಕೆಳಗೊಬ್ಬರು. ಮೊದಲ ಸಲ ನಾವು ಹೋಗಿದ್ದು ಜುಲೈನಲ್ಲಿ. ಬುದ್ಧಿ ಇರುವವರು ಜುಲೈನಲ್ಲಿ ಆ ಸಮುದ್ರಕ್ಕೆ ಇಳಿಯುವುದಿಲ್ಲ. ವಾಂತಿ ಮಾತ್ರೆ ನುಂಗಿ ಎರಡು ದಿನ ಮಲಗಿದಲ್ಲೇ ಇದ್ದೆ. ಕ್ಯಾಂಟೀನಿನಲ್ಲಿ ಕೊಟ್ಟ ಅನ್ನ, ಬೇಳೆ ನನ್ನ ಪಾಲಿನದನ್ನೂ ಇವರೇ ತಿಂದರು. ಬಂದು ಬಂದು "ಏನಾದ್ರೂ ತಿಂತೀಯಾ?" ಅಂತ ಬೇರೆ ಕೇಳುತ್ತಿದ್ದರು!

ವಿಮಾನವೂ ಏನು ಕಡಿಮೆಯಿಲ್ಲ. ಒಮ್ಮೆ ವಾಪಸ್ ಬರುವಾಗ ಪೋರ್ಟ್ ಬ್ಲೇರ್ ಮೇಲೆ ಎರಡು ಸುತ್ತು ಹಾಕಿ, ಮೋಡ ಬಿಡಲಿಲ್ಲ ಅಂತ ಹೊರಟಲ್ಲಿಗೇ ತಿರುಗಿತು. ಐದು ಗಂಟೆ ಆಕಾಶದಲ್ಲಿದ್ದು ಇಳಿದಿದ್ದು ಮತ್ತೆ ಬೆಂಗಳೂರಿನಲ್ಲೇ.

ಆದರೆ ನಾನು ವಿಮಾನದ ಮೇಲೆ ಮುನಿಸಿಕೊಂಡಿದ್ದು ಕೊಬ್ಬರಿ ವಿಷಯಕ್ಕೆ. ಅತ್ತೆ ಎಂಟು ಕೊಬ್ಬರಿ ಬಟ್ಟಲು ಕಟ್ಟಿ ಕೊಟ್ಟಿದ್ದರು. ತೆಂಗಿನ ತೋಟದ ನಡುವೆ ಇರೋರಿಗೆ ಕೊಬ್ಬರಿ ಯಾಕತ್ತೆ ಅಂದರೆ, "ಅಲ್ಲಿ ಕಾಯಿಗೆ ಉಪ್ಪುನೀರಿನ ವಾಸನೆ ಇರುತ್ತೆ" ಅಂದರು. ಅವರು ಸಮುದ್ರ ನೋಡಿದವರಲ್ಲ. ಏರ್‌ಪೋರ್ಟಿನಲ್ಲಿ ಚೀಲ ತೆಗೆಸಿದರು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು, ಹಾಗಾಗಿ ವಿಮಾನಕ್ಕೆ ಬಿಡುವುದಿಲ್ಲ. ಎಂಟು ಬಟ್ಟಲೂ ಅಲ್ಲೇ ಉಳಿದವು. ಅತ್ತೆಗೆ ಇವತ್ತಿಗೂ ಹೇಳಿಲ್ಲ. ಚಟ್ನಿಪುಡಿ ಚೆನ್ನಾಗಾಯಿತು ಅಂದಿದ್ದೇನೆ.

ಚೆಕ್-ಇನ್ ಚೀಲ ತಲೆಗೆ 15 ಕಿಲೋ. ಜೋಳದ ಹಿಟ್ಟು, ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಕಟಕ್ ರೊಟ್ಟಿ ಅಂತ ತುಂಬುತ್ತಾ ಹೋದರೆ ಬಟ್ಟೆಗೆ ಜಾಗವಿಲ್ಲ. ಇವರಿಗೆ ಮಂಡಕ್ಕಿ ಬೇರೆ ಬೇಕು. ಮಂಡಕ್ಕಿಗೆ ತೂಕವಿಲ್ಲ, ಗಾತ್ರವಿದೆ. ತಕ್ಕಡಿಯಲ್ಲಿ ಪಾಸಾಗುತ್ತದೆ, ಸೂಟ್‌ಕೇಸಿನಲ್ಲಿ ಫೇಲಾಗುತ್ತದೆ. ಹಡಗಿನಲ್ಲಿ ಈ ತಕರಾರು ಕಡಿಮೆ. ಒಂದು ಮೂಟೆ ಮಂಡಕ್ಕಿಯನ್ನು ಮಂಚದ ಕಾಲಿಗೆ ಕಟ್ಟಿಟ್ಟು ಬಂದಿದ್ದೇವೆ.

ಆ ಮೂಟೆಯಿಂದಲೇ ಒಂದು ಸಂಜೆ ಸಿಕ್ಕಿತು. ಎರಡನೇ ದಿನ, ಮಾರ್ಚ್ ತಿಂಗಳು, ಸಮುದ್ರ ಕೆರೆಯ ಹಾಗೆ ಸುಮ್ಮನಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಇವರು ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ, ಹುರಿಗಡಲೆ ಹಿಟ್ಟು ಹಾಕಿ ಕಲಸುತ್ತಿದ್ದರು. ಪಕ್ಕದ ಮಂಚದವರು ಹಟ್ ಬೇ ಕಡೆಯ ಬಂಗಾಳಿ ಕುಟುಂಬ. ಆ ಮನೆಯಾಕೆ ಇಣುಕಿ ನೋಡಿ, "ಮುಡಿ!" ಅಂದರು. ಅವರ ಭಾಷೆಯಲ್ಲಿ ಮಂಡಕ್ಕಿ. ಕೈಚೀಲದಿಂದ ಸಾಸಿವೆ ಎಣ್ಣೆ ಬಾಟಲಿ ತೆಗೆದು, ನಾವು ಹ್ಞೂಂ ಅನ್ನುವ ಮೊದಲೇ ಸುರಿದುಬಿಟ್ಟರು. ಇವರ ಮುಖ ನೋಡಬೇಕಿತ್ತು. ದಾವಣಗೆರೆ ಭಟ್ಟಿಯ ಮಂಡಕ್ಕಿಗೆ ಸಾಸಿವೆ ಎಣ್ಣೆ! ಮರ್ಯಾದೆಗೆ ಒಂದು ಹಿಡಿ ತಿಂದರು. ಆಮೇಲೆ ಇನ್ನೊಂದು ಹಿಡಿ. ಪಾತ್ರೆಯ ತಳ ಕೆರೆದವರೂ ಇವರೇ. ಒಪ್ಪಿಕೊಳ್ಳುವುದಿಲ್ಲ, ಅದು ಬೇರೆ ಮಾತು.

ಇನ್ನೊಂದು ವಿಷಯ ಹೊತ್ತಿನದು. ದ್ವೀಪದಲ್ಲೂ ಗಡಿಯಾರ ಭಾರತದ್ದೇ, ಸೂರ್ಯ ಮಾತ್ರ ದಾವಣಗೆರೆಗಿಂತ ಒಂದು ಗಂಟೆ ಮೊದಲು. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಹೊತ್ತು ಮುಳುಗುತ್ತದೆ, ಎಂಟಕ್ಕೆ ನಮಗೆ ನಿದ್ದೆ. ವಿಮಾನದಲ್ಲಿ ಬಂದ ವರ್ಷ ಊರಿನಲ್ಲಿ ನಾಲ್ಕು ಗಂಟೆಗೇ ಎದ್ದು ಕೂತೆ. ಅತ್ತೆಗೆ ಖುಷಿಯೋ ಖುಷಿ, ಸೊಸೆ ಬೇಗ ಏಳುತ್ತಾಳೆ ಅಂತ. ರಾತ್ರಿ ನೆಂಟರು ಊಟಕ್ಕೆ ಬಂದಾಗ ತೂಕಡಿಸುತ್ತಾ ಕೂತಿದ್ದನ್ನೂ ಅವರೇ ನೋಡಿದರು. ಹಡಗಿನಲ್ಲಿ ಬಂದರೆ ಮೂರು ದಿನದಲ್ಲಿ ಮೈ ತಾನೇ ಹೊಂದಿಕೊಳ್ಳುತ್ತದೆ.

ಹಾಗಾಗಿ ನನ್ನ ತೀರ್ಪು ಹೀಗೆ: ಬರುವಾಗ ವಿಮಾನ, ಹೋಗುವಾಗ ಹಡಗು. ಬರುವಾಗ ಕೈಯಲ್ಲಿ ಸಾಮಾನಿಲ್ಲ, ಮನಸ್ಸಿಗೆ ತಡೆಯಿಲ್ಲ. ಹೋಗುವಾಗ ನಮ್ಮ ದಾರಿ ಕಾಯುವವರು ಯಾರೂ ಇಲ್ಲ, ಸಾಮಾನು ಮಾತ್ರ ಬೆಟ್ಟದಷ್ಟು. ಇವರು ಎರಡೂ ಕಡೆ ವಿಮಾನ ಅನ್ನುತ್ತಾರೆ. ಮಂಡಕ್ಕಿ ಬೇಡವಾ ಅಂದರೆ ಸುಮ್ಮನಾಗುತ್ತಾರೆ.

ಇನ್ನು ಬೆಂಗಳೂರಿನಿಂದ ಮುಂದಿನ ದಾರಿ. ಇದು ಮೇಲ್ನೋಟಕ್ಕೆ ಸಣ್ಣದು, ಒಳಗೆ ದೊಡ್ಡದು. ದಾವಣಗೆರೆಯ ರೈಲು ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಸುತ್ತಿ ಬರುತ್ತದೆ. ಚಿತ್ರದುರ್ಗ ಆ ದಾರಿಯಲ್ಲಿ ಇಲ್ಲವೇ ಇಲ್ಲ. ಬಸ್ಸಾದರೆ ಹೆದ್ದಾರಿಯಲ್ಲಿ ಹಿರಿಯೂರು ದಾಟಿ ಮೊದಲು ಚಿತ್ರದುರ್ಗ, ಆಮೇಲೆ ಅರವತ್ತು ಕಿಲೋಮೀಟರ್ ಮುಂದೆ ದಾವಣಗೆರೆ. ಅಂದರೆ ರೈಲು ಹತ್ತಿದರೆ ಗಂಡನ ಮನೆ ಮೊದಲು, ಬಸ್ಸು ಹತ್ತಿದರೆ ತವರು ಮೊದಲು.

ಇವರು ರೈಲಿನ ಗುಣಗಾನ ಶುರು ಮಾಡುತ್ತಾರೆ. ಧಾರವಾಡದ ವಂದೇ ಭಾರತ್ 2023ರ ಜೂನ್‌ನಲ್ಲಿ ಬಂತು, ದಾವಣಗೆರೆಗೆ ಮೂರೂವರೆ ಗಂಟೆ. ಬೆಳಿಗ್ಗೆ ಇಳಿದು ಸೀದಾ ಬೆಣ್ಣೆ ದೋಸೆಗೆ ಹೋಗಬಹುದು. ಎಲ್ಲ ನಿಜ. ಆದರೆ ಅದು ಹೊರಡುವುದು ನಸುಕಿನಲ್ಲಿ, ನಮ್ಮ ವಿಮಾನ ಇಳಿಯುವುದು ಮಧ್ಯಾಹ್ನ. ನಡುವೆ ಒಂದು ರಾತ್ರಿ ಲಾಡ್ಜಿನಲ್ಲಿ ಕಳೆಯಬೇಕು. ಬಸ್ಸಾದರೆ ಏರ್‌ಪೋರ್ಟಿನಿಂದ ಗೊರಗುಂಟೆಪಾಳ್ಯಕ್ಕೆ ಬಂದು ನಿಂತರೆ ಸಾಕು, ಹಿಂದೆ ಹಿಂದೆಯೇ ಬರುತ್ತವೆ. ಕಾಲು ಊದಿಕೊಳ್ಳುತ್ತದೆ, ಪಕ್ಕದವರ ಫೋನಿನ ಹಾಡು ಕೇಳಬೇಕು, ಒಪ್ಪಿದೆ. ಆದರೆ ಹಿರಿಯೂರು ದಾಟಿ ಕತ್ತಲಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಕಂಡರೆ ನನಗೆ ಸೀಟಿನಲ್ಲಿ ಕೂರಲು ಆಗುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪಾಜಿ ಸ್ಕೂಟರ್ ಹಿಡಿದು ನಿಂತಿರುತ್ತಾರೆ. ಬಸ್ಸು ಎಷ್ಟು ಗಂಟೆಗೆ ಅಂತ ಹೇಳಿರುವುದಿಲ್ಲ, ಆದರೂ ನಿಂತಿರುತ್ತಾರೆ.

ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗದ ಕೆಲಸ ನಡೆಯುತ್ತಿದೆ. ಅದು ಮುಗಿದರೆ ರೈಲಿನಲ್ಲೂ ತವರೇ ಮೊದಲು. ಇವರ ಹತ್ತಿರ ಈ ಮಾತು ಎತ್ತಿಲ್ಲ.

ಸದ್ಯಕ್ಕೆ ಒಂದು ರಾಜಿಯಾಗಿದೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಜಾತ್ರೆ ಇರುವ ವರ್ಷ ರೈಲು, ಇಲ್ಲದ ವರ್ಷ ಬಸ್ಸು. ಮೊನ್ನೆ ಅತ್ತೆ ವಿಡಿಯೋ ಕಾಲ್ ಮಾಡಿ, ಈ ಸಲ ಜಾತ್ರೆ ಇಲ್ಲದಿದ್ದರೂ ಸೀದಾ ಇಲ್ಲಿಗೇ ಬನ್ನಿ, ಕೊಬ್ಬರಿ ತೆಗೆದಿಟ್ಟಿದ್ದೇನೆ ಅಂದರು. ನಾನು ನೆಟ್‌ವರ್ಕ್ ಸರಿಯಿಲ್ಲ ಅತ್ತೆ ಅಂದೆ.